ಕೊಟ್ಟಿಗೆ ಬಾಚೋದು, ಕೊಟ್ಟಿಗೆ ತೊಳೆಯೋದು

ನಾನು ಸಣ್ಣೋಳಿದ್ದಾಗ ನಮ್ಮ ಜಡೆ ಕಡೆ ‘ಕೊಟ್ಟಿಗೆ ತೊಳೆಯೋದು’ ಅನ್ನೋ ಮಾತೇ ಇರಲಿಲ್ಲ. ಕೊಟ್ಟಿಗೆ ಬಾಚ್ತಿದ್ರು, ಗುಡಿಸ್ತಿದ್ರು, ಹಾಸ್ತಿದ್ರು. ತೊಳೆಯೋದು ಅಂದ್ರೆ ಪಾತ್ರೆ, ಬಟ್ಟೆ, ದೊಡ್ಡಹಬ್ಬಕ್ಕೆ ದನದ ಮೈ, ಅಷ್ಟೇ. ಈಗ ಬೆಳಿಗ್ಗೆ ಆರು ಗಂಟೆಗೆ ಮೋಟ್ರು ಶುರುವಾದ ಸದ್ದು ಕೇಳಿದ್ರೆ ಸಾಕು, ಯಾರ ಮನೇಲಿ ಕೊಟ್ಟಿಗೆ ತೊಳೀತಿದ್ದಾರೆ ಅಂತ ಹಾಸಿಗೆಯಲ್ಲಿ ಮಲಗಿದ್ದಲ್ಲೇ ಗೊತ್ತಾಗ್ತದೆ. ಒಂದು ಮಾತು ಹೋಗಿ ಇನ್ನೊಂದು ಮಾತು ಬಂದಿದ್ದು ನನಗೆ ತಿಳಿದ ಹಾಗೆ ಇಪ್ಪತ್ತು ಮೂವತ್ತು ವರ್ಷದಲ್ಲಿ. ಅದರ ಜೊತೆ ಹಿತ್ಲು ಬಾವಿ ನೀರೂ ಬದಲಾತು.

ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಬಾವಿ ನೀರು ಒಂಥರಾ ವಾಸನೆ ಬರೋಕೆ ಶುರುವಾತು. ಕೊಡ ತುಂಬಿಟ್ಟು ರಾತ್ರಿ ಬಿಟ್ರೆ ತಳದಲ್ಲಿ ಜಾರಿಕೆ. ಪಂಚಾಯ್ತಿಯಲ್ಲಿ ನೀರು ನೋಡೋ ಪೆಟ್ಟಿಗೆ ಇರ್ತದಲ್ಲ, ಜಲಜೀವನ ಮಿಷನ್ನಿಂದ ಕೊಟ್ಟಿದ್ದು, ಅದರಲ್ಲಿ ಹಾಕಿ ನೋಡಿದ್ರೆ ನೈಟ್ರೇಟಿನ ಬಣ್ಣ ಮಿತಿ ದಾಟಿತ್ತು. ನಮ್ಮತ್ತೆ ಹಾನಗಲ್ ಕಡೆಯವರು, ಕಟ್ಟೆ ಮೇಲೆ ಕೂತು ಎಲ್ಲಾ ಕೇಳಿಸ್ಕೊಂಡು ಅಂದ್ರು: “ಕೊಟ್ಟಿಗಿ ಸ್ವಚ್ಛ ಆತು, ಬಾವಿ ಹೊಲಸಾತು. ಲೆಕ್ಕ ಸರಿ ಹೋತು ನೋಡವ್ವ.”

ಅವರು ತಮಾಷೆಗೆ ಅಂದಿದ್ದು. ನನಗೆ ಅದು ತಲೇಲಿ ಕೂತ್ಕೊಂಡು ಬಿಡ್ತು. ದನ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದಿದ್ದಲ್ಲ. ಸಾವಿರಾರು ವರ್ಷ ದನವೂ ಇತ್ತು, ಕೆರೆಯೂ ಇತ್ತು, ಬಾವಿಯೂ ಇತ್ತು. ಹಂಗಾದ್ರೆ ಸೆಗಣಿ ಅವಾಗ ಎಲ್ಲಿಗೆ ಹೋಗ್ತಿತ್ತು?

ನಮ್ಮ ಸೊರಬ, ಶಿಕಾರಿಪುರದಷ್ಟು ಕಲ್ಲು ಮಾತಾಡೋ ಸೀಮೆ ಕಮ್ಮಿ. ಶಿಕಾರಿಪುರದ ಶಾಸನಗಳನ್ನ ಬಿ.ಎಲ್. ರೈಸ್ 1902ರಲ್ಲಿ, ಸೊರಬದ್ದನ್ನ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ರು. ಅದರಲ್ಲಿ ಎರಡು ವಿಷಯ ಮತ್ತೆ ಮತ್ತೆ ಬರ್ತದೆ. ಒಂದು ಕೆರೆ, ಇನ್ನೊಂದು ತುರುಗೋಳು. ತುರು ಅಂದ್ರೆ ದನ. ಪಕ್ಕದ ಊರಿನೋರು ದನ ಹೊಡ್ಕೊಂಡು ಹೋಗೋದು ತುರುಗೋಳು. ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತೋರಿಗೆ ವೀರಗಲ್ಲು. ನಮ್ಮ ಕಡೆ ಊರ ಮುಂದೆ, ಕೆರೆ ಏರಿ ಮೇಲೆ, ದೇವಸ್ಥಾನದ ಪಕ್ಕ ವೀರಗಲ್ಲು ಇಲ್ಲದ ಊರು ಹುಡುಕಬೇಕು. ಕೆಳಗಿನ ಪಟ್ಟೀಲಿ ದನದ ಸಾಲು ಮತ್ತು ಜಗಳ, ನಡುವೆ ಅಪ್ಸರೆಯರು ವೀರನನ್ನ ಎತ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು. ಜೀವ ಕೊಡೋವಷ್ಟು ದೊಡ್ಡ ಆಸ್ತಿ ದನ.

ಕೆರೆಯೂ ಅಷ್ಟೇ ಹಳೇದು. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನ 5ನೇ ಶತಮಾನದ್ದು. ಮಯೂರಶರ್ಮನ ಕಥೆ ಇರೋ ಶಾಸನ ಅಂತ ಶಾಲೆಯಲ್ಲಿ ಕಲಿತೀವಿ. ಆದ್ರೆ ಅದನ್ನ ಕೆತ್ತಿಸಿದ್ದಕ್ಕೆ ನೆಪ ಕದಂಬರ ಕಾಕುಸ್ಥವರ್ಮ ಅಲ್ಲಿನ ಶಿವಾಲಯಕ್ಕೆ ಕಟ್ಟಿಸಿದ ಕೆರೆ. ಒಂದು ರಾಜವಂಶದ ಚರಿತ್ರೆ ನಮಗೆ ಸಿಕ್ಕಿದ್ದೇ ಕೆರೆಯ ದೆಸೆಯಿಂದ. ಆಮೇಲೆ ಬಂದೋರು ಕೆರೆಗೆ ಬಿತ್ತುವಟ್ಟ ಬಿಟ್ರು, ಹೂಳು ತೆಗೆಯೋ ಬಂಡಿಗೆ ಅಂತ ಭೂಮಿ ಬಿಟ್ರು. ದಾನದ ಶಾಸನದ ಕೊನೇಲಿ ಒಂದು ಶಾಪ ಇರ್ತದೆ: ಇದನ್ನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರ್ತದೆ ಅಂತ. ಕವಿಲೆ ಅಂದ್ರೆ ಆಕಳು. ಕೆರೆ ಕಾಯೋಕೆ ಆಕಳ ಆಣೆ ಇಟ್ಟೋರು ಮುಂದೊಂದು ದಿನ ಆಕಳ ಕೊಟ್ಟಿಗೆಯೇ ಕೆರೆ ಕೆಡಿಸ್ತದೆ ಅಂತ ಎಣಿಸಿರಲಿಕ್ಕಿಲ್ಲ.

ಎಣಿಸೋಕೆ ಕಾರಣವೂ ಇರಲಿಲ್ಲ. ಯಾಕಂದ್ರೆ ಸೆಗಣಿ ನೀರಿಗೆ ಹೋಗ್ತಾನೇ ಇರಲಿಲ್ಲ, ಹೊಲಕ್ಕೆ ಹೋಗ್ತಿತ್ತು. ನಮ್ಮ ಜಡೆ ಹೋಬಳಿ ಅರೆಮಲೆನಾಡು. ಪಡುವಣಕ್ಕೆ ಚಂದ್ರಗುತ್ತಿ ಕಡೆ ಹೋದಷ್ಟೂ ಕಾನು, ಮೂಡಣಕ್ಕೆ ಹೋದಷ್ಟೂ ಬಯಲು. ಎರಡೂ ಕಡೆ ಕೊಟ್ಟಿಗೆ ಕೆಲಸ ಒಂದೇ ತರ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೇಲಿ ದರಗು, ಅದೂ ಇಲ್ಲಾಂದ್ರೆ ದನ ತಿಂದು ಬಿಟ್ಟ ಹುಲ್ಲಿನ ಗಂಟು, ಇದನ್ನ ದನದ ಕಾಲ ಕೆಳಗೆ ಹಾಸ್ತಿದ್ರು. ಸೆಗಣಿ, ಗಂಜಲ ಎರಡೂ ಅದರಲ್ಲೇ ಇಂಗ್ತಿತ್ತು. ಬೆಳಿಗ್ಗೆ ಬಾಚಿ ಬುಟ್ಟೀಲಿ ತುಂಬಿ ತಿಪ್ಪೆಗೆ. ಯುಗಾದಿ ಮುಂದೆ ಬಂಡಿ ಹೂಡಿ ಗದ್ದೆಗೆ. ಕೊಟ್ಟಿಗೆಗೆ ನೀರು ಬೀಳ್ತಿದ್ದಿದ್ದು ಬಾನಿಗೆ ಕಲಗಚ್ಚು ಹಾಕೋವಾಗ ಚೆಲ್ಲಿದ್ದು ಮಾತ್ರ.

ಈ ಪದ್ಧತಿ ಹೊರಗಿನೋರ ಕಣ್ಣಿಗೂ ಬಿದ್ದಿತ್ತು. ಟಿಪ್ಪು ಸತ್ತು ಎರಡು ವರ್ಷಕ್ಕೆ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಸೋದೆ ಸೀಮೆ, ಬನವಾಸಿ, ಚಂದ್ರಗುತ್ತಿ ದಾರೀಲಿ ಬಂದಿದ್ದ. ಕಂಪನಿಯೋರಿಗೆ ವರದಿ ಬರೆಯೋ ಡಾಕ್ಟ್ರು. ದನದ ಕೆಳಗೆ ಸೊಪ್ಪು ಹಾಸಿ ಗೊಬ್ಬರ ಮಾಡೋದನ್ನ ಬಿಡದೆ ಬರ್ಕೊಂಡಿದ್ದಾನೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಇಬ್ಬರು ಸಾಹೇಬ್ರು ಸೊರಬದ ಕಾನುಗಳ ಮೇಲೇ ಒಂದು ವರದಿ ಬರೆದ್ರು. ಈ ಕಾನು ನೀರಿನ ಸೆಲೆ ಕಾಯ್ತದೆ, ಕೆಳಗಿನ ಗದ್ದೆ ಬದುಕಿರೋದೇ ಇದರಿಂದ ಅನ್ನೋದು ಅವರಿಗೂ ಅರ್ಥ ಆಗಿತ್ತು. ಆಮೇಲೆ ಸರ್ಕಾರ ಅಡಿಕೆ ತೋಟದೋರಿಗೆ ಸೊಪ್ಪಿನಬೆಟ್ಟ ಅಂತ ಬಿಟ್ಟುಕೊಡ್ತು. ಅಂದ್ರೆ ಕಾನಿನ ಎಲೆ ಕೊಟ್ಟಿಗೆ ಮೇಲಿಂದ ಹಾದು ತೋಟ, ಗದ್ದೆ ಸೇರೋದಕ್ಕೆ ಕಾಗದ ಪತ್ರವೇ ಇತ್ತು.

ಎಲೆ ಹಾಸೋದ್ರಲ್ಲಿ ಏನು ಗುಟ್ಟು ಅಂತ ನಾನು ಈಗ ತಿಳ್ಕೊಂಡೆ. ದನ ಹೊರಗೆ ಹಾಕೋ ಸಾರಜನಕದಲ್ಲಿ ಹತ್ರ ಹತ್ರ ಅರ್ಧ ಗಂಜಲದಲ್ಲೇ ಇರ್ತದೆ. ಒಣ ಎಲೆ, ಹುಲ್ಲಿನಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿದ್ರೆ ಗೊಬ್ಬರ ಮಾಡೋ ಸೂಕ್ಷ್ಮಜೀವಿ ಆ ಸಾರಜನಕವನ್ನ ತಮ್ಮ ಮೈಗೇ ಕಟ್ಟಿಕೊಂಡು ಬಿಡ್ತವೆ, ನೀರಿನ ಜೊತೆ ಬೇಗ ಹರಿದು ಹೋಗೋದಿಲ್ಲ. ಎಲೆ ಇಲ್ಲದ ಗಂಜಲ ಮಣ್ಣಿಗೆ ಬಿದ್ರೆ ನೈಟ್ರೇಟ್ ಆಗ್ತದೆ. ನೈಟ್ರೇಟ್ ಮಣ್ಣಿಗೆ ಅಂಟೋದಿಲ್ಲ, ಮಳೆ ನೀರಿನ ಜೊತೆ ಸೀದಾ ಕೆಳಗೆ ಇಳೀತದೆ. ನಮ್ಮವ್ವ ಬುಟ್ಟಿ ಹೊತ್ತು ದರಗು ತರ್ತಿದ್ದಿದ್ದು ದನದ ಕೆಚ್ಚಲಿಗೆ ಥಂಡಿ ಹತ್ತಬಾರ್ದು ಅಂತ. ಬಾವಿ ಕಾಯೋ ಕೆಲಸ ಅವಳಿಗೆ ಗೊತ್ತಿಲ್ಲದೇ ಆಗ್ತಿತ್ತು.

ಹಂಗಂತ ಹಳೇದೆಲ್ಲಾ ಶುದ್ಧ ಅಂತ ನಾನು ಹೇಳೋದಿಲ್ಲ. ಕೆರೆಗೆ ದನ ಇಳಿಸ್ತಿದ್ರು, ಎಮ್ಮೆ ಗಂಟೆಗಟ್ಲೆ ನೀರಲ್ಲೇ ಇರ್ತಿದ್ವು. ಅದೇ ಕೆರೆ ನೀರು ಕುಡಿದು ವಾಂತಿ ಭೇದಿ ಆಗಿ ಸತ್ತೋರು ಯಾವ ಮನೇಲಿ ಇಲ್ಲ? ನಮ್ಮ ಸೊರಬ ತಾಲೂಕಿನ ಕ್ಯಾಸನೂರಿನ ಹೆಸರಿನದ್ದೇ ಮಂಗನ ಕಾಯಿಲೆ 1957ರಲ್ಲಿ ಕಾಣಿಸ್ಕೊಂಡಾಗ, ಆ ಉಣ್ಣೆ ದೊಡ್ಡದಾಗಿ ಬೆಳೆಯೋಕೆ ಕಾಡಿಗೆ ಮೇಯೋಕೆ ಹೋಗೋ ದನವೂ ಆಸರೆ ಅಂತ ಗೊತ್ತಾತು. ದನದ ಜೊತೆ ಬಾಳೋದು ಯಾವತ್ತೂ ಪುಕ್ಕಟೆ ಆಗಿರಲಿಲ್ಲ. ಕೆರೆಯ ಲೆಕ್ಕ ಮಾತ್ರ ಸುಸೂತ್ರ ಇತ್ತು. ದನ ಕೆರೆಗೆ ಹಾಕಿದ್ದು ತಳದ ಗೋಡಿಗೆ ಸೇರ್ತಿತ್ತು, ಬೇಸಿಗೇಲಿ ಬಂಡೀಲಿ ಆ ಗೋಡು ಗದ್ದೆಗೆ ವಾಪಸ್ ಬರ್ತಿತ್ತು.

ಇನ್ನು ದನದ ಜಾತಿ. ನಮ್ಮ ಮಲೆನಾಡು ಗಿಡ್ಡ ನೂರು, ನೂರಾ ಇಪ್ಪತ್ತು ಕೆಜಿ ತೂಗೋ ಜೀವ. ಬೆಳಿಗ್ಗೆ ಬಿಟ್ರೆ ಸಾಯಂಕಾಲ ತಾನೇ ಬರ್ತದೆ. ಹಾಲು ಒಂದೆರಡು ಲೀಟರ್, ಹೆಚ್ಚಂದ್ರೆ ಮೂರು. ಸೆಗಣಿ ದಿನಕ್ಕೆ ಐದಾರು ಕೆಜಿ, ಅದರಲ್ಲೂ ಅರ್ಧ ಬ್ಯಾಣದಲ್ಲೇ ಬಿಟ್ಟು ಬರ್ತದೆ. ಅದೇ ಎಚ್‌ಎಫ್ ಮಿಶ್ರತಳಿ ನಾಕುನೂರು ಕೆಜಿ ದಾಟ್ತದೆ. ಇಪ್ಪತ್ತು ಇಪ್ಪತ್ತೈದು ಕೆಜಿ ಸೆಗಣಿ, ಹತ್ತು ಹದಿನೈದು ಲೀಟರ್ ಗಂಜಲ, ಎಲ್ಲವೂ ಕಟ್ಟಿದ ಜಾಗದಲ್ಲೇ. ನಾಕು ಮಿಶ್ರತಳಿ ಅಂದ್ರೆ ದಿನಕ್ಕೆ ಹತ್ರ ಹತ್ರ ಒಂದು ಕ್ವಿಂಟಾಲು ಸೆಗಣಿ. ಹಿಂದೆ ಹದಿನೈದು ಇಪ್ಪತ್ತು ಗಿಡ್ಡ ಇದ್ದ ದೊಡ್ಡ ಮನೇಲೂ ಕೊಟ್ಟಿಗೇಲಿ ಬೀಳ್ತಿದ್ದಿದ್ದು ಅದಕ್ಕಿಂತ ಕಮ್ಮಿ.

ಈ ಮಿಶ್ರತಳಿ ಸುಮ್ಮನೆ ಬಂದಿದ್ದಲ್ಲ. ಕರ್ನಾಟಕದಲ್ಲಿ ಹಾಲಿನ ಸಹಕಾರ ಸಂಘ ಮೊದಲು ಶುರುವಾಗಿದ್ದು 1955ರಲ್ಲಿ, ಕೊಡಗಿನಲ್ಲಿ. 1970ರಲ್ಲಿ ದೇಶದಲ್ಲಿ ಕ್ಷೀರಕ್ರಾಂತಿಯ ಯೋಜನೆ, 1974ರಲ್ಲಿ ವಿಶ್ವಬ್ಯಾಂಕಿನ ದುಡ್ಡಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ, ಅದೇ ಮುಂದೆ 1984ರಲ್ಲಿ ಕೆಎಂಎಫ್. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಸೇರಿ ಶಿಮುಲ್. ಮಾಚೇನಹಳ್ಳಿ ಡೈರಿಗೆ ಹಾಲಿನ ಲಾರಿ ಹೋಗೋಕೆ ಶುರುವಾದ ಮೇಲೆ ಊರೂರಿಗೂ ಸೊಸೈಟಿ, ಊರೂರಿಗೂ ಇಂಜೆಕ್ಷನ್ ಕೊಡೋರು. 2008ರಲ್ಲಿ ನಮ್ಮ ಪಕ್ಕದ ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿ ಆದಾಗ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ಕೊಟ್ರು. 2013ರಲ್ಲಿ ಸಿದ್ದರಾಮಯ್ಯನವರು ಅದನ್ನ ನಾಕು ಮಾಡಿದ್ರು. ಎರಡು ರೂಪಾಯಿ ಅಂತ ಪೇಟೆಯೋರು ನಗಬಹುದು. ಹಾಲಿನ ಪುಸ್ತಕ ಹೆಂಗಸ್ರ ಹೆಸರಲ್ಲಿ ಇರೋ ಮನೇಲಿ ಆ ದುಡ್ಡು ಏನು ಅಂತ ನಮಗೆ ಗೊತ್ತು. ಜೋಳ, ಭತ್ತದ ದುಡ್ಡು ವರ್ಷಕ್ಕೊಂದ್ಸಲ, ಅದೂ ಗಂಡಸ್ರ ಕೈಗೆ. ಹಾಲಿನ ದುಡ್ಡು ವಾರಕ್ಕೆ, ಹದಿನೈದು ದಿನಕ್ಕೆ, ನಮ್ಮ ಕೈಗೆ. ನನ್ನ ಮಗಳು ಕಾಲೇಜು ಮುಗಿಸಿದ್ದು ಅದರಲ್ಲೇ. ಹಂಗಾಗಿ ಈ ದನವನ್ನ ಬೈಯೋಕೆ ನನ್ನ ಬಾಯಿ ಬರೋದಿಲ್ಲ.

ತೊಳೆಯೋದು ಶುರುವಾಗಿದ್ದಕ್ಕೂ ಕಾರಣ ಐತೆ. ಮಿಶ್ರತಳಿಗೆ ಸೆಕೆ ತಡೆಯೋದಿಲ್ಲ, ಮೈಗೆ ನೀರು ಬೀಳಬೇಕು. ಹೊಲಸಲ್ಲಿ ಮಲಗಿದ್ರೆ ಕೆಚ್ಚಲು ಬಾವು. ಹಾಲು ಕೆಟ್ರೆ ಸೊಸೈಟೀಲಿ ತಗೊಳ್ಳೋದಿಲ್ಲ. ದನದ ಡಾಕ್ಟ್ರು ನೆಲಕ್ಕೆ ಸಿಮೆಂಟ್ ಹಾಕ್ಸಿ ಅಂದ್ರು, ಇಳಿಜಾರು ಮಾಡಿ ಚರಂಡಿ ಬಿಡ್ಸಿ ಅಂದ್ರು. ಹೇಳಿದ್ದೆಲ್ಲಾ ಸರಿಯೇ. ಚರಂಡಿ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗೋಡೆ ದಾಟಿದ ನೀರು ನಮ್ಮದಲ್ಲ ಅನ್ನೋದು ಹಳೇ ಬುದ್ಧಿ. ಅಷ್ಟೊತ್ತಿಗೆ ಕಾನಿಗೆ ಹೋಗಿ ಸೊಪ್ಪು ಕಡಿಯೋಕೆ ಮನೇಲಿ ಜನ ಇರಲಿಲ್ಲ, ಮೋಟ್ರಿಗೆ ಕರೆಂಟು ಇತ್ತು. ಗುಂಡಿ ಒತ್ತಿದ್ರೆ ಹತ್ತು ನಿಮಿಷದಲ್ಲಿ ಕೊಟ್ಟಿಗೆ ಫಳಫಳ.

ಆ ಹರಿದು ಹೋಗೋ ನೀರು ಎಂಥದ್ದು ಅಂತ ಅಳೆಯೋಕೆ ಒಂದು ಲೆಕ್ಕ ಐತೆ, ಬಿಒಡಿ ಅಂತಾರೆ. ನೀರಲ್ಲಿರೋ ಹೊಲಸು ಕೊಳೆಯೋಕೆ ಎಷ್ಟು ಆಮ್ಲಜನಕ ತಿಂತದೆ ಅನ್ನೋ ಲೆಕ್ಕ. ಪೇಟೆ ಚರಂಡಿ ನೀರಿಗೆ ಲೀಟರಿಗೆ 200ರಿಂದ 400 ಮಿಲಿಗ್ರಾಂ. ಸೆಗಣಿ ಗಂಜಲದ ಬಗ್ಗಡಕ್ಕೆ 10,000ದಿಂದ 20,000. ಓದಿ ನಾನು ಬೆಚ್ಚಿಬಿದ್ದಿದ್ದು ಹಾಲಿನ ಅಂಕಿ ನೋಡಿ: ಅದು ಒಂದು ಲಕ್ಷದ ಮೇಲೆ! ಒಂದು ಲೀಟರ್ ಹಾಲು ಹಳ್ಳಕ್ಕೆ ಚೆಲ್ಲಿದ್ರೆ ಮುನ್ನೂರು ಲೀಟರ್ ಚರಂಡಿ ನೀರು ಬಿಟ್ಟ ಹಂಗೆ. ಕೆಟ್ಟ ಹಾಲು, ಕ್ಯಾನು ತೊಳೆದ ನೀರು ಚರಂಡಿಗೆ ಸುರಿಯೋವಾಗ ಪಾಪ ಅನ್ನಿಸ್ತಿತ್ತು, ವಿಷ ಅಂತ ಅನ್ನಿಸಿರಲಿಲ್ಲ. ನಮ್ಮ ದೇಶದಲ್ಲಿ ಹೊಳೆ, ಕೆರೆಗೆ ಬಿಡೋ ನೀರಿಗೆ ಇರೋ ಸಾಮಾನ್ಯ ಮಿತಿ 30 ಮಿಲಿಗ್ರಾಂ.

ಇಷ್ಟು ಬಗ್ಗಡ ಒಂದು ಕೆರೆಗೆ ಇಳಿದ್ರೆ ಆಮ್ಲಜನಕ ಮುಗಿದು ಮೀನು ಬಾಯಿ ಮೇಲೆ ಮಾಡ್ತವೆ. ಸಾರಜನಕ, ರಂಜಕ ಸಿಕ್ಕಿದ ಖುಷಿಗೆ ಪಾಚಿ, ಅಂತರಗಂಗೆ ಹಬ್ತವೆ. ಸೊರಬ ತಾಲೂಕಲ್ಲಿ ಕೆರೆ ಅಂದ್ರೆ ನೂರರ ಲೆಕ್ಕ ಅಲ್ಲ, ಸಾವಿರದ್ದು. ಒಂದರ ಕೋಡಿ ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ, ಕೊನೆಗೆ ದಂಡಾವತಿ, ವರದೆ. ಮೇಲಿನ ಊರಿನ ಕೊಟ್ಟಿಗೆ ನೀರು ಕೆಳಗಿನ ಊರಿನ ಕೆರೆಗೆ ನೆಂಟ. ನಮ್ಮದು ಮೇಲೂ ಅಲ್ಲ ಕೆಳಗೂ ಅಲ್ಲ, ನಡುವಿನ ಊರು, ಹಂಗಾಗಿ ಬೈಸಿಕೊಳ್ಳೋದೂ ಬೈಯೋದೂ ಎರಡೂ ನಮಗೆ ಐತೆ.

ಬಾವಿ ಕಥೆ ಇದಕ್ಕಿಂತ ಸೂಕ್ಷ್ಮ. ನೈಟ್ರೇಟಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ಬಾವೀಲಿ ವಾಸನೆ ಬಂದಿದ್ದು ಬೇರೆ ಹೊಲಸಿಂದು, ಅದು ಬರದಿದ್ರೆ ನಾವು ಪರೀಕ್ಷೆನೇ ಮಾಡಿಸ್ತಿರಲಿಲ್ಲ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಅನ್ನೋ ಡಾಕ್ಟ್ರು ಒಂದು ಲೇಖನ ಬರೆದ್ರು. ಹಳ್ಳಿ ಮನೆಗಳ ಎಳೆ ಕೂಸುಗಳು ಮೈ ನೀಲಿಗಟ್ಟಿ ಆಸ್ಪತ್ರೆಗೆ ಬರ್ತಿದ್ವು. ಹೃದಯದ ಕಾಯಿಲೆ ಅಂತ ನೋಡಿದ್ರೆ ಅಲ್ಲ. ಆ ಮನೆಗಳ ಬಾವಿ ನೀರಲ್ಲಿ ಪುಡಿ ಹಾಲು ಕಲಸಿ ಕುಡಿಸ್ತಿದ್ರು, ನೀರಲ್ಲಿ ನೈಟ್ರೇಟ್ ತುಂಬಿತ್ತು. ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಆಮ್ಲಜನಕ ಹೊರದ ಹಂಗೆ ಮಾಡ್ತಿತ್ತು. ನೀರು ಬದಲಿಸಿದ್ರೆ ಕೂಸು ಚೇತರಿಸಿಕೊಳ್ತಿತ್ತು. ಈ ಕಾರಣಕ್ಕೇ ಇವತ್ತು ನಮ್ಮ ದೇಶದಲ್ಲಿ ಕುಡಿಯೋ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ.

ಇಲ್ಲಿ ಹೆಂಗಸ್ರು ತಪ್ಪು ಮಾಡೋ ಜಾಗ ಒಂದೈತೆ, ನಾನೂ ಮಾಡಿದ್ದೆ. ನೀರು ಸರಿ ಇಲ್ಲ ಅಂದ ಕೂಡ್ಲೇ ಕುದಿಸೋಕೆ ಇಡ್ತೀವಿ. ಕುದಿಸಿದ್ರೆ ಭೇದಿ ತರೋ ಕ್ರಿಮಿ ಸಾಯ್ತವೆ, ನೈಟ್ರೇಟ್ ಹೋಗೋದಿಲ್ಲ. ನೀರು ಆವಿಯಾಗಿ ಉಳಿದಿದ್ದರಲ್ಲಿ ಅದು ಇನ್ನಷ್ಟು ಗಟ್ಟಿ ಆಗ್ತದೆ. ಬಾಣಂತಿ ಮನೇಲಿ ಕೂಸಿಗೆ ಅಂತ ಕಾಸಿ ಕಾಸಿ ಇಟ್ಟ ನೀರೇ ಎಲ್ಲಕ್ಕಿಂತ ಕೆಟ್ಟದ್ದು ಆಗಿರಬಹುದು. ತಾಯಿ ಹಾಲು ಕುಡಿಯೋ ಕೂಸಿಗೆ ಈ ಭಯ ಇಲ್ಲ. ಇನ್ನೊಂದು, ಇಲಿಜ್ವರ. ಹೆಸರು ಇಲಿದಾದ್ರೂ ದನದ ಗಂಜಲದಿಂದಲೂ ಬರ್ತದೆ. ಕಾಲಲ್ಲಿ ಗಾಯ ಇಟ್ಕೊಂಡು ಮಳೆಗಾಲದಲ್ಲಿ ಕೊಟ್ಟಿಗೆ ನೀರು ತುಳಿಯೋರು, ಗದ್ದೆ ನಾಟಿ ಮಾಡೋರು ಹುಷಾರಾಗಿರಬೇಕು.

ಇದಕ್ಕೆಲ್ಲಾ ಮದ್ದು ನಮ್ಮ ಹಿತ್ಲಲ್ಲೇ ಇತ್ತು, ಗೋಬರ್ ಗ್ಯಾಸ್. 1981ರಲ್ಲಿ ಸರ್ಕಾರದ ರಾಷ್ಟ್ರೀಯ ಯೋಜನೆ ಬಂದ ಮೇಲೆ ಸಬ್ಸಿಡಿ ಸಿಕ್ತು, ಮಲೆನಾಡಲ್ಲಿ ಎಷ್ಟೋ ಮನೆ ಹಿಂದೆ ಗುಮ್ಮಟ ಎದ್ವು. ಎರಡು ಘನ ಮೀಟರಿನ ಒಲೆಗೆ ದಿನಕ್ಕೆ ಐವತ್ತು ಕೆಜಿ ಸೆಗಣಿ ಸಾಕು. ಸೆಗಣಿ ಎಷ್ಟೋ ನೀರು ಅಷ್ಟೇ ಹಾಕಿ ಕಲಸಬೇಕು. ಕೊಟ್ಟಿಗೆ ತೊಳೆಯೋಕೆ ಶುರು ಮಾಡಿದ ಮೇಲೆ ಆ ಲೆಕ್ಕ ತಪ್ಪಿತು. ಪೈಪಿನ ನೀರು ಜಾಸ್ತಿ ಆಗಿ ಬಗ್ಗಡ ತೆಳ್ಳಗಾತು, ಗ್ಯಾಸ್ ಕಮ್ಮಿ ಆತು. ಆಮೇಲೆ ಮನೆಮನೆಗೆ ಸಿಲಿಂಡರ್ ಬಂತು. ನಮ್ಮ ಓಣಿಯಲ್ಲಿ ಮೂರು ಗುಮ್ಮಟ ಇದ್ವು, ಒಂದರ ಮೇಲೆ ಈಗ ತೊಂಡೆ ಬಳ್ಳಿ ಹಬ್ಬಿದೆ.

ಕಾನೂನು ಅಂದ್ರೆ, ಜಲಮಾಲಿನ್ಯ ತಡೆ ಕಾಯ್ದೆ ಬಂದಿದ್ದೂ 1974ರಲ್ಲೇ, ನಮ್ಮ ರಾಜ್ಯದ ಡೈರಿ ನಿಗಮ ಹುಟ್ಟಿದ ವರ್ಷವೇ. ಎರಡೂ ಒಂದೇ ವಯಸ್ಸಿನವು, ಆದ್ರೆ ಒಂದರ ಮುಖ ಒಂದು ನೋಡಿದ್ದು ಬಹಳ ತಡವಾಗಿ. ಕೇಂದ್ರ ಮಾಲಿನ್ಯ ಮಂಡಳಿ ಡೈರಿ ಫಾರಂ, ಗೋಶಾಲೆಗಳಿಗೆ ಅಂತ ಮಾರ್ಗಸೂಚಿ ಮಾಡಿದ್ದು 2020ರಲ್ಲಿ. ಅದರ ಕಣ್ಣಿರೋದು ದೊಡ್ಡ ಫಾರಂ ಮೇಲೆ, ಪೇಟೆ ಪಕ್ಕದ ಡೈರಿಗಳ ಮೇಲೆ. ನಾಕು ದನದ ನಮ್ಮ ಕೊಟ್ಟಿಗೆ ಹುಡುಕ್ಕೊಂಡು ಯಾರೂ ಬರೋದಿಲ್ಲ. ಬರಲಿ ಅಂತ ನಾನೂ ಬಯಸೋದಿಲ್ಲ. ಆದ್ರೆ ನಾಕು ದನದ ಇಪ್ಪತ್ತು ಕೊಟ್ಟಿಗೆ ಒಂದೇ ಚರಂಡಿಗೆ ಬಿಟ್ರೆ ಅದು ಎಂಬತ್ತು ದನದ ಫಾರಂ ಅಲ್ವಾ?

ನಮ್ಮ ಮನೇಲಿ ಇದರ ಮೇಲೆ ಜಗಳವೇ ಆತು. ತಿಪ್ಪೆ, ಕೊಟ್ಟಿಗೆ ಬಾವಿಯಿಂದ ಐವತ್ತು ಅಡಿಯಾದ್ರೂ ದೂರ ಇರಬೇಕು ಅಂತ ಆರೋಗ್ಯದ ಪುಸ್ತಕದಲ್ಲಿ ಇರ್ತದೆ. ನಮ್ಮದು ಹೆಜ್ಜೆ ಹಾಕಿ ಅಳೆದ್ರೆ ಮೂವತ್ತೂ ಇಲ್ಲ. “ಅಜ್ಜನ ಕಾಲದಿಂದ ತಿಪ್ಪೆ ಅಲ್ಲೇ ಐತೆ, ಆಗ ಏನೂ ಆಗಿಲ್ಲ” ಅಂತ ಮೈದುನ. ಅಜ್ಜನ ಕಾಲದಲ್ಲಿ ತಿಪ್ಪೆ ಒಣಗಿತ್ತು, ಈಗ ಅದು ಹೊಂಡ ಅಂತ ನಾನು. ಕೊನೆಗೆ ತಿಪ್ಪೆ ಮಗ್ಗುಲ ಹಿತ್ಲಿಗೆ ಹೋತು. ಚರಂಡಿಗೆ ಪೈಪು ಜೋಡಿಸಿ ನೇಪಿಯರ್ ಹುಲ್ಲಿನ ಪಾತಿಗೆ, ಬಾಳೆ ಬುಡಕ್ಕೆ ಬಿಟ್ಟಿದ್ದೀವಿ. ಮೊದಲು ಸೆಗಣಿ ಬಾಚಿ ತೆಗೆದು, ಆಮೇಲೆ ಉಳಿದಿದ್ದಕ್ಕಷ್ಟೇ ನೀರು ಅಂತ ಮಾತಾಗಿದೆ. ಆ ಮಾತು ಬೆಳಿಗ್ಗೆ ನಡೀತದೆ, ಸಾಯಂಕಾಲ ಕೆಲವು ಸಲ ಪೈಪೇ ಗೆಲ್ತದೆ. ಕುಡಿಯೋಕೆ ಪಂಚಾಯ್ತಿ ನಲ್ಲಿ ನೀರು, ಬಾವಿ ನೀರು ಬಚ್ಚಲಿಗೆ.

ಅತ್ತೆ ಮಾತ್ರ ದರಗು ಹಾಸಬೇಕು ಅಂತ ಹಟ ಹಿಡಿದಿದ್ದಾರೆ. ತರೋರು ಯಾರು ಅಂದ್ರೆ, “ನಂಗ ಬುಟ್ಟಿ ಕೊಡ್ರಿ, ನಾನ ಹೋಗ್ತೀನಿ” ಅಂತಾರೆ, ಎಂಬತ್ತರ ಹತ್ರದ ಮೊಣಕಾಲು ಇಟ್ಕೊಂಡು. ಹೋದ ವಾರ ಮೈದುನನೇ ಟ್ರಾಕ್ಟರಿನಲ್ಲಿ ಅಡಿಕೆ ಸಿಪ್ಪೆ, ಒಂದು ಹೊರೆ ಭತ್ತದ ಹುಲ್ಲು ತಂದು ಕೊಟ್ಟಿಗೆ ಮೂಲೆಗೆ ಸುರಿದ. ಬಾವಿ ನೀರು ಮತ್ತೆ ನೋಡಿಸೋದು ಈ ಮಳೆಗಾಲ ಮುಗಿದ ಮೇಲೆ.